‘ಪೊಲೀಸ್‌ಗೆ ಆಗುತ್ತೆ’ ಎನ್ನುವ ಹೆಲ್ಮೆಟ್: ಐಎಸ್ 4151 ಮತ್ತು ನಮ್ಮ ರಸ್ತೆ ಬದಿಯ ವ್ಯಾಪಾರ

ಹಾಸನದಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಪಕ್ಕ, ಎರಡು ಹೊಂಗೆ ಮರಗಳಿಗೆ ಹಗ್ಗ ಕಟ್ಟಿ ಸಾಲಾಗಿ ಹೆಲ್ಮೆಟ್ ನೇತುಹಾಕಿದ್ದ ವ್ಯಾಪಾರಿಯ ಮುಂದೆ ಒಂದು ಮಧ್ಯಾಹ್ನ ಬೈಕ್ ನಿಲ್ಲಿಸಿದೆ. ಕಪ್ಪು, ಕೆಂಪು, ನೀಲಿ. ಕೆಲವಕ್ಕೆ ಗಾಜು ಇತ್ತು, ಕೆಲವಕ್ಕೆ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ಕಿವಿಯನ್ನೂ ಮುಚ್ಚದ, ಬಟ್ಟಲು ಬೋರಲು ಹಾಕಿದಂಥ ಟೋಪಿಗಳು. ಒಂದನ್ನು ಕೈಗೆತ್ತಿಕೊಂಡೆ. ತೀರಾ ಹಗುರ. ಇನ್ನೂರು ರೂಪಾಯಿ ಎಂದರು. ‘ಬಿದ್ರೆ ತಡೆಯುತ್ತಾ?’ ಎಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ‘ಪೊಲೀಸ್‌ಗೆ ಆಗುತ್ತೆ ಸಾರ್, ತಗೊಳ್ಳಿ. ಬೀಳೋದಕ್ಕೇ ಬೇಕು ಅಂದ್ರೆ ಅಂಗಡೀಗೆ ಹೋಗಿ.’

ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಲ್ಮೆಟ್ ವಿಚಾರದಲ್ಲಿ ನಮ್ಮ ಕಾನೂನು ಇಷ್ಟು ವರ್ಷ ಹೇಗೆ ನಡೆದಿದೆ ಎಂಬುದನ್ನು ಅವರು ಇದ್ದಹಾಗೇ ಹೇಳಿದ್ದರು. ಕಾನೂನು ಸವಾರನ ತಲೆ ನೋಡಿತು, ಅದರ ಮೇಲೆ ಏನಿದೆ ಎಂದು ನೋಡಲಿಲ್ಲ. ಸವಾರನಿಗೆ ದಂಡ ಹಾಕಿತು, ಮಾರುವವರನ್ನೂ ತಯಾರಿಸುವವರನ್ನೂ ಬಹುಕಾಲ ಕೇಳಲೇ ಇಲ್ಲ. ಈಗ ಕೇಳಲು ಕಾನೂನಿನಲ್ಲಿ ಜಾಗವಿದೆ. ಆದರೂ ಹಗ್ಗಕ್ಕೆ ನೇತುಹಾಕಿದ ಆ ಸಾಲು ಹಾಗೇ ಇದೆ. ಇದು ಯಾಕೆ ಎಂಬುದೇ ನನ್ನ ಪ್ರಶ್ನೆ. ಆ ಟೋಪಿಯನ್ನು ಇನ್ನೂರು ರೂಪಾಯಿ ಕೊಟ್ಟು ಕೊಂಡೇ ಬಂದೆ. ಹಾಕಿಕೊಳ್ಳುವುದಕ್ಕಲ್ಲ, ಕೊಯ್ದು ನೋಡುವುದಕ್ಕೆ. ಅದರ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ದ್ವಿಚಕ್ರ ವಾಹನ ಓಡಿಸುವವರು ಮತ್ತು ಹಿಂದೆ ಕೂರುವವರು ಇಬ್ಬರೂ ಸಾರ್ವಜನಿಕ ಜಾಗದಲ್ಲಿ ಶಿರಸ್ತ್ರಾಣ ಧರಿಸಬೇಕು ಎನ್ನುತ್ತದೆ. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಇದೆ. ಬಹಳ ಜನ ಗಮನಿಸದ ಸಂಗತಿ ಏನೆಂದರೆ, ಯಾವುದೋ ಒಂದು ಶಿರಸ್ತ್ರಾಣ ಸಾಕು ಎಂದು ಆ ಸೆಕ್ಷನ್ ಹೇಳುವುದಿಲ್ಲ. 1994ರ ತಿದ್ದುಪಡಿಯಿಂದ ಈಚೆಗೆ ಅದು ಭಾರತೀಯ ಮಾನಕ ಬ್ಯೂರೊದ ಮಾನದಂಡಕ್ಕೆ ಒಪ್ಪುವಂತಿರಬೇಕು, ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂದಿದೆ. ಅಂದರೆ ಲಾಕ್ ಹಾಕದೆ ಸುಮ್ಮನೆ ತಲೆಯ ಮೇಲೆ ಇಟ್ಟುಕೊಂಡ ಒಳ್ಳೆಯ ಹೆಲ್ಮೆಟ್ ಕೂಡ ಕಾನೂನಿನ ಕಣ್ಣಿಗೆ ಹೆಲ್ಮೆಟ್ ಅಲ್ಲ. 2019ರ ತಿದ್ದುಪಡಿ ಬಂದಾಗ ಈ ಕಡ್ಡಾಯ ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಅನ್ವಯ ಎಂದು ಸ್ಪಷ್ಟವಾಯಿತು. ಅದೇ ತಿದ್ದುಪಡಿಯ 194ಡಿ ಸೆಕ್ಷನ್ 1,000 ರೂಪಾಯಿ ದಂಡ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಎಂದಿತು. ಕರ್ನಾಟಕ ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಂಡವನ್ನು 500ಕ್ಕೆ ಇಳಿಸಿತು. ಹಿಂಬದಿ ಸವಾರರಿಗೆ ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯವಾಗಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ರಸ್ತೆ ಸುರಕ್ಷತೆ ಕುರಿತು ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಸಮಿತಿಯ ಒತ್ತಡ ಅದರ ಹಿಂದೆ ಇತ್ತು.

ಇಲ್ಲಿಯವರೆಗಿನದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಇನ್ನೊಂದು ಕಡೆಯದು. ಸವಾರ ಮಾನದಂಡದ ಹೆಲ್ಮೆಟ್ಟನ್ನೇ ಧರಿಸಬೇಕು ಎಂದು ಕಾಯ್ದೆ ಹೇಳುತ್ತಿದ್ದಾಗ, ಮಾನದಂಡ ಇಲ್ಲದ ಹೆಲ್ಮೆಟ್ ತಯಾರಿಸಿ ಮಾರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹೆಲ್ಮೆಟ್‌ಗೆ ಮಾನಕ ಬ್ಯೂರೊದ ಐಎಸ್‌ಐ ಗುರುತು ಪಡೆಯುವುದು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ನವೆಂಬರ್ 26ರಂದು ಹೆಲ್ಮೆಟ್‌ಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ, ಅದು 2021ರ ಜೂನ್ 1ರಂದು ಜಾರಿಗೆ ಬಂದ ಮೇಲೆಯೇ ಈ ಬಾಗಿಲು ಮುಚ್ಚಿದ್ದು. ಮಾನದಂಡದ ಷರತ್ತು ಕಾಯ್ದೆಗೆ ಸೇರಿದ್ದು 1994ರ ನವೆಂಬರಿನಲ್ಲಿ. ಲೆಕ್ಕ ಹಾಕಿ: 26 ವರ್ಷಕ್ಕೂ ಹೆಚ್ಚು ಕಾಲ, ಧರಿಸಿದರೆ ತಪ್ಪಾಗುವ ವಸ್ತುವನ್ನು ಮಾರಿದರೆ ತಪ್ಪಾಗುತ್ತಿರಲಿಲ್ಲ. ಹಗ್ಗದ ಮೇಲಿನ ವ್ಯಾಪಾರ ಬೇರು ಬಿಟ್ಟದ್ದು ಆ 26 ವರ್ಷಗಳಲ್ಲಿ. ಅಷ್ಟು ಆಳಕ್ಕೆ ಇಳಿದ ಬೇರು ಒಂದು ಅಧಿಸೂಚನೆಗೆ ಕಿತ್ತು ಬರುವುದಿಲ್ಲ.

ಈಗ ಮಾನದಂಡದ ಒಳಗೇನಿದೆ ನೋಡೋಣ. ಅದರ ಸಂಖ್ಯೆ ಐಎಸ್ 4151. ಈಗ ಬಳಕೆಯಲ್ಲಿರುವುದು 2015ರ ಪರಿಷ್ಕರಣೆ, ಅದಕ್ಕೆ ಮುಂಚೆ 1993ರದು ಇತ್ತು. ನಂಬರು, ಸೆಕ್ಷನ್ನು ಎಂದರೆ ಓದುವವರಿಗೆ ಬೇಸರ ಬರುತ್ತದೆ, ನನಗೂ ಬರುತ್ತಿತ್ತು. ಬೇಸರ ಹೋದದ್ದು ನಾನೇ ಬಿದ್ದ ಮೇಲೆ.

ಎರಡು ವರ್ಷದ ಹಿಂದೆ, ಮುಂಗಾರಿನ ಮೊದಲ ಮಳೆ. ಟಾರಿನ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಎಣ್ಣೆ, ದೂಳು ನೀರಿಗೆ ಕಲೆತು ರಸ್ತೆ ಸೋಪು ಬಳಿದಂತಾಗಿತ್ತು. ಹಂಪ್ ಕಂಡು ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿತು. ವೇಗ ಮೂವತ್ತೋ ಮೂವತ್ತೈದೋ ಇದ್ದೀತು. ಎಡಕ್ಕೆ ಬಿದ್ದೆ. ಮೊದಲು ಭುಜ, ಆಮೇಲೆ ತಲೆ. ಕಿವಿಯ ಮೇಲ್ಭಾಗ ರಸ್ತೆಗೆ ಬಡಿದ ಸದ್ದು ಈಗಲೂ ನೆನಪಿದೆ, ತೆಂಗಿನಕಾಯಿ ನೆಲಕ್ಕೆ ಬಿದ್ದಂತೆ. ಎದ್ದು ಕೂತೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಏನೂ ಆಗಿರಲಿಲ್ಲ. ಹೆಲ್ಮೆಟ್‌ಗೂ ಹೊರಗಿನಿಂದ ನೋಡಿದರೆ ನಾಲ್ಕು ಬೆರಳು ಉದ್ದದ ಗೀರು ಬಿಟ್ಟರೆ ಏನೂ ಇರಲಿಲ್ಲ. ಗಾಜು ಬದಲಾಯಿಸಿಕೊಂಡು ಮತ್ತೆ ಅದನ್ನೇ ಹಾಕಿಕೊಳ್ಳೋಣ ಎಂದು ಅಂಗಡಿಗೆ ಒಯ್ದೆ. ಅಂಗಡಿಯವರು ತಿರುಗಿಸಿ ನೋಡಿ, ‘ಸಾರ್, ಇದರ ಕೆಲಸ ಮುಗೀತು. ಇದಕ್ಕೆ ಗಾಜು ಹಾಕಿಕೊಡಲ್ಲ’ ಎಂದುಬಿಟ್ಟರು. ವ್ಯಾಪಾರಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ. ಹೊಸದನ್ನು ಕೊಂಡೆನಾದರೂ ಹಳೆಯದು ಮನೆಯ ಅಟ್ಟದ ಮೇಲೆ ಉಳಿದಿತ್ತು.

ಆ ಹಳೆಯ ಹೆಲ್ಮೆಟ್ಟನ್ನೂ ಇನ್ನೂರು ರೂಪಾಯಿಯ ಟೋಪಿಯನ್ನೂ ಒಂದು ಭಾನುವಾರ ಹ್ಯಾಕ್ಸಾ ಬ್ಲೇಡ್ ಹಿಡಿದು ನಡುಮಧ್ಯ ಕೊಯ್ದೆ. ಹೆಲ್ಮೆಟ್ ಕೊಯ್ಯಲು ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಮೂರು ನಾಲ್ಕು ಮಿಲಿಮೀಟರಿನ ಗಟ್ಟಿ ಚಿಪ್ಪು. ಅದರ ಒಳಗೆ ಥರ್ಮಾಕೋಲ್. ಟೀವಿ ಪೆಟ್ಟಿಗೆಯಲ್ಲಿ ಬರುವ ಸಡಿಲ ಥರ್ಮಾಕೋಲ್ ಅಲ್ಲ, ಕಾಳು ಕಾಳು ಒತ್ತೊತ್ತಾಗಿ ಕೂತ, ಉಗುರಿನಲ್ಲಿ ಒತ್ತಿದರೆ ಕಷ್ಟಪಟ್ಟು ಗುರುತು ಬೀಳುವಂಥದ್ದು. ಎಲ್ಲಕ್ಕಿಂತ ಒಳಗೆ ತಲೆಗೆ ಮೆತ್ತಗೆ ತಾಗುವ ಸ್ಪಂಜು, ಬಟ್ಟೆ. ಬಲಗಡೆ ಥರ್ಮಾಕೋಲ್ ಅಳೆದೆ: 28 ಮಿ.ಮೀ. ನಾನು ಬಿದ್ದಿದ್ದ ಎಡಗಡೆ ಅದೇ ಎತ್ತರದಲ್ಲಿ ಅಳೆದೆ: 19. ಕಾಳುಗಳು ಚಪ್ಪಟೆಯಾಗಿ ಒಂದರೊಳಗೊಂದು ನುಗ್ಗಿ ಕೂತಿದ್ದವು, ಒಂದು ಕೂದಲೆಳೆಯ ಬಿರುಕೂ ಇತ್ತು. ಚಿಪ್ಪಿನ ಮೇಲೆ ಬರೀ ಗೀರು. ಅಂಗಡಿಯವರು ಹೇಳಿದ್ದು ಸತ್ಯವಾಗಿತ್ತು.

ಟೋಪಿ ಕೊಯ್ಯಲು ಎರಡು ನಿಮಿಷ. ಎರಡು ಮಿಲಿಮೀಟರು ಪ್ಲಾಸ್ಟಿಕ್, ಒಳಗೆ ಸೋಫಾದ ಸ್ಪಂಜು. ಹೆಬ್ಬೆರಳಲ್ಲಿ ಒತ್ತಿದರೆ ಬೆರಳು ನೇರ ಪ್ಲಾಸ್ಟಿಕ್‌ಗೆ ತಾಗಿತು. ಥರ್ಮಾಕೋಲ್ ಒಂದು ಎಳೆಯೂ ಇಲ್ಲ.

ಜೀವ ನಿಂತಿರುವುದು ಆ 28 ಮಿಲಿಮೀಟರಿನ ಮೇಲೆ. ಲೆಕ್ಕ ಹೈಸ್ಕೂಲಿನದೇ. ಬೈಕ್ ಮೇಲೆ ಕೂತವರ ತಲೆ ರಸ್ತೆಯಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ತಾಗುವಾಗಿನ ವೇಗ ಗಂಟೆಗೆ ಸುಮಾರು 20 ಕಿಲೋಮೀಟರು. ಆ ವೇಗ ಎಲ್ಲೋ ಸೊನ್ನೆಗೆ ಇಳಿಯಲೇಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದರ ಮೇಲೆ ತಲೆಗೆ ಬೀಳುವ ಹೊಡೆತ ನಿರ್ಧಾರವಾಗುತ್ತದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ತಲೆಯ ಮೇಲಿನ ಸರಾಸರಿ ಹೊಡೆತ ಗುರುತ್ವಾಕರ್ಷಣೆಯ ಎಷ್ಟು ಪಟ್ಟು ಎಂದು ಸಿಗುತ್ತದೆ. ಥರ್ಮಾಕೋಲ್ ಎರಡೂವರೆ ಸೆಂಟಿಮೀಟರಷ್ಟು ಕುಸಿದು ತಲೆಯನ್ನು ನಿಲ್ಲಿಸಿದರೆ 150 ಭಾಗಿಸು 2.5, ಅಂದರೆ 60 ಪಟ್ಟು. ಟೋಪಿಯ ಪ್ಲಾಸ್ಟಿಕ್ಕೂ ಅದುಮಿದ ಸ್ಪಂಜೂ ಸೇರಿ ಮೂರು ಮಿಲಿಮೀಟರ್ ಜಾಗ ಕೊಟ್ಟವು ಎಂದರೆ 500 ಪಟ್ಟು. ಯುರೋಪಿನಲ್ಲಿ ಬಹುಕಾಲ ನಡೆದ ಇಸಿಇ 22.05 ಮಾನದಂಡ ಪರೀಕ್ಷೆಯಲ್ಲಿ ಯಾವ ಕ್ಷಣದಲ್ಲೂ 275 ಪಟ್ಟು ಮೀರಬಾರದು ಎನ್ನುತ್ತಿತ್ತು, ಅಮೆರಿಕದ ಡಾಟ್ ಮಾನದಂಡದ ಮಿತಿ 400. ನನ್ನ ಹೆಲ್ಮೆಟ್‌ನಲ್ಲಿ ಉಳಿದ ಗುಂಡಿ ಒಂಬತ್ತು ಮಿಲಿಮೀಟರಿನದು. ಥರ್ಮಾಕೋಲ್ ಆಮೇಲೆ ಸ್ವಲ್ಪ ಮರಳಿ ಉಬ್ಬುವುದರಿಂದ ಬಿದ್ದ ಕ್ಷಣದಲ್ಲಿ ಅದಕ್ಕಿಂತ ಹೆಚ್ಚೇ ಕುಸಿದಿರಬೇಕು. ಆ ಕುಸಿತ ನನ್ನ ತಲೆಬುರುಡೆಯಲ್ಲಿ ಆಗಬಹುದಾಗಿತ್ತು.

‘ಎಂಬತ್ತರ ಸ್ಪೀಡಲ್ಲಿ ಹೋಗಿ ಬಿದ್ದರೆ ಯಾವ ಹೆಲ್ಮೆಟ್ ಏನು ಮಾಡುತ್ತೆ’ ಎಂದು ಬಹಳ ಜನ ಕೇಳುತ್ತಾರೆ. ಇದಕ್ಕೂ ಉತ್ತರ ಅದೇ ಲೆಕ್ಕದಲ್ಲಿದೆ. ಬೈಕಿನ ವೇಗ ಮುಂದಕ್ಕೆ, ತಲೆ ಬೀಳುವುದು ಕೆಳಕ್ಕೆ. ರಸ್ತೆಗೆ ಬಿದ್ದು ಉಜ್ಜಿಕೊಂಡು ಹೋಗುವವರಿಗೆ ಎಂಬತ್ತರ ವೇಗ ಮೈಯ ಚರ್ಮ ಕೀಳುತ್ತದೆ, ತಲೆ ನೆಲಕ್ಕೆ ಬಡಿಯುವ ವೇಗ ಮಾತ್ರ ಆ ಒಂದೂವರೆ ಮೀಟರಿನದೇ. ಇಸಿಇ 22.05 ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸುತ್ತಿದ್ದರು. ಸುಮಾರು 2.9 ಮೀಟರ್ ಮೇಲಿಂದ ಬಿದ್ದದ್ದಕ್ಕೆ ಅದು ಸಮ. ಲಾರಿಗೋ ಡಿವೈಡರ್‌ಗೋ ತಲೆ ನೇರ ಗುದ್ದಿದರೆ ಮಾತು ಬೇರೆ, ಅಲ್ಲಿ ಯಾವ ಹೆಲ್ಮೆಟ್ಟಿಗೂ ಮಿತಿ ಇದೆ. ಆದರೆ ಜಾರಿ ಬೀಳುವುದು, ಹಂಪ್‌ನಲ್ಲಿ ಎಗರುವುದು, ನಾಯಿ ಅಡ್ಡ ಬಂದು ಉರುಳುವುದು, ಹಿಂದೆ ಕೂತವರು ಸೀರೆ ಚಕ್ರಕ್ಕೆ ಸಿಕ್ಕಿ ಬೀಳುವುದು, ನಮ್ಮ ಊರುಗಳಲ್ಲಿ ದಿನಾ ನಡೆಯುವ ಇಂಥವುಗಳಿಗೆ ಹೆಲ್ಮೆಟ್ ಲೆಕ್ಕ ಸರಿಯಾಗಿ ಹೊಂದುತ್ತದೆ. 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2008ರ ಕಾಕ್ರೇನ್ ವಿಮರ್ಶೆ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಶೇ 69ರಷ್ಟು ಕಡಿಮೆ ಮಾಡುತ್ತದೆ ಎಂದು ಕಂಡುಕೊಂಡಿತು.

ಐಎಸ್ 4151 ಪರೀಕ್ಷೆ ಹೊಡೆತ ತಡೆಯುವುದೊಂದಕ್ಕೇ ನಿಲ್ಲುವುದಿಲ್ಲ. ಲೋಹದ ತಲೆಯೊಂದಕ್ಕೆ ಹೆಲ್ಮೆಟ್ ತೊಡಿಸಿ ಮೇಲಿಂದ ಬೀಳಿಸುತ್ತಾರೆ. ಚೂಪಾದ ವಸ್ತು ಚಿಪ್ಪು ತೂರಿ ಒಳಬರುತ್ತದೆಯೇ ನೋಡುತ್ತಾರೆ. ಎರಡು ಬದಿಯಿಂದ ಅದುಮಿ ಎಷ್ಟು ಬಾಗುತ್ತದೆ ಎಂದು ಅಳೆಯುತ್ತಾರೆ. ಗದ್ದದ ಪಟ್ಟಿಯನ್ನು ಜಗ್ಗಿ, ಅದು ಎಷ್ಟು ಹಿಗ್ಗುತ್ತದೆ, ಹರಿಯುತ್ತದೆಯೇ ನೋಡುತ್ತಾರೆ. ಪಕ್ಕದ ನೋಟಕ್ಕೆ ಎಷ್ಟು ಜಾಗ ಬಿಟ್ಟಿದೆ, ಗಾಜು ಒಡೆದು ಕಣ್ಣಿಗೆ ಚುಚ್ಚುತ್ತದೆಯೇ, ಹಾರನ್ ಕೇಳಿಸುತ್ತದೆಯೇ ಎಂಬುದಕ್ಕೂ ಪರೀಕ್ಷೆ ಇದೆ. ಅದೂ ಹೊಸ ಹೆಲ್ಮೆಟ್ಟನ್ನು ಪೆಟ್ಟಿಗೆಯಿಂದ ತೆಗೆದು ಹಾಗೇ ಅಲ್ಲ. ಕಾಯಿಸಿ, ತಣ್ಣಗೆ ಮಾಡಿ, ನೀರಿಗೆ ಒಡ್ಡಿ, ಆಮೇಲೆ. ನಮ್ಮ ಬಿಸಿಲಲ್ಲಿ ಪಾರ್ಕಿಂಗ್ ಜಾಗದಲ್ಲಿ ಇಡೀ ದಿನ ಬೇಯುವ ಹೆಲ್ಮೆಟ್ ಸಂಜೆ ಬಿದ್ದಾಗಲೂ ಕೆಲಸ ಮಾಡಬೇಕಲ್ಲ. ಹಗ್ಗದ ಮೇಲಿನ ಟೋಪಿ ಈ ಯಾವ ಹಂತವನ್ನೂ ದಾಟುವುದಿಲ್ಲ. ದಾಟುವ ಪ್ರಶ್ನೆಯೂ ಬಂದಿಲ್ಲ, ಏಕೆಂದರೆ ಅದನ್ನು ಯಾರೂ ಪ್ರಯೋಗಾಲಯಕ್ಕೆ ಒಯ್ದೇ ಇಲ್ಲ.

ಇಂಥ ಪರೀಕ್ಷೆಗಳ ಮೂಲ ಕೆದಕಿದರೆ ಸಿಗುವವರು ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕ. 1935ರ ಮೇ ತಿಂಗಳಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್, ಸೈಕಲ್ ಮೇಲೆ ಎದುರಾದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿಂದ ಬಿದ್ದು ಆರು ದಿನದ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ಅಷ್ಟಕ್ಕೇ ಬಿಡದೆ ಅವರು ಬೈಕ್ ಸವಾರರ ತಲೆಪೆಟ್ಟುಗಳನ್ನು ಒಂದೊಂದಾಗಿ ದಾಖಲಿಸುತ್ತ ಹೋಗಿ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಬಂಧ ಪ್ರಕಟಿಸಿದರು. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಮ್ಮಲ್ಲಿ ಆ ಬಗೆಯ ಕೆಲಸವನ್ನು ದಶಕಗಳಿಂದ ಮಾಡುತ್ತಾ ಬಂದಿರುವುದು ಬೆಂಗಳೂರಿನ ನಿಮ್ಹಾನ್ಸ್. ತಲೆಪೆಟ್ಟು ತಿಂದು ಬರುವವರ ನಡುವೆಯೇ ಕೂತು, ಅವರು ಯಾಕೆ ಬಂದರು ಎಂದು ಲೆಕ್ಕ ಇಟ್ಟ ಸಂಸ್ಥೆ ಅದು.

ಲೆಕ್ಕದ ಮಾತು ಬಂದಾಗ ಇನ್ನೊಂದು ಹೇಳಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491. ಅದರಲ್ಲಿ ದ್ವಿಚಕ್ರ ವಾಹನದವರು 74,897. ಹೆಲ್ಮೆಟ್ ಧರಿಸಿರಲಿಲ್ಲ ಎಂದು ದಾಖಲಾದವರು 50,029, ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಪತ್ರಿಕೆಗಳು ಐವತ್ತು ಸಾವಿರವನ್ನು ಶೀರ್ಷಿಕೆ ಮಾಡಿದವು, ಮಾಡಬೇಕಾದದ್ದೇ. ಆದರೆ ನನ್ನ ಕಣ್ಣು ಉಳಿದವರ ಮೇಲೆ ನಿಂತಿತು. 74,897ರಲ್ಲಿ 50,029 ಕಳೆದರೆ ಸುಮಾರು 25 ಸಾವಿರ. ಇವರ ತಲೆಯ ಮೇಲೆ ಏನೋ ಒಂದು ಇತ್ತು ಎಂದುಕೊಳ್ಳಬಹುದು. ಕೆಲವರು ಎದೆಗೋ ಹೊಟ್ಟೆಗೋ ಪೆಟ್ಟಾಗಿ ಹೋದರು, ಕೆಲವರ ಮೇಲೆ ಲಾರಿ ಹರಿದಿರಬಹುದು. ಆದರೆ ಎಷ್ಟು ಜನರ ತಲೆಯ ಮೇಲೆ ಇದ್ದದ್ದು ಟೋಪಿ? ಎಷ್ಟು ಜನರ ಪಟ್ಟಿ ಬಿಚ್ಚಿತ್ತು? ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಅಪಘಾತದ ಜಾಗದಲ್ಲಿ ಬಿದ್ದಿರುವ ಹೆಲ್ಮೆಟ್ಟನ್ನು ತಿರುಗಿಸಿ, ಹಿಂಬದಿಯ ಗುರುತು ಮತ್ತು ಪಟ್ಟಿಯ ಸ್ಥಿತಿ ಬರೆದುಕೊಳ್ಳಲು ಎರಡು ನಿಮಿಷ ಸಾಕು. ಅಷ್ಟು ಬರೆದುಕೊಂಡರೆ ಯಾವ ತಯಾರಕರ ಮಾಲು ಸವಾರರನ್ನು ಕೈಬಿಡುತ್ತಿದೆ ಎಂದು ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ. ಇದನ್ನು ಮಾಡದೆ ಇರುವುದು ನನಗೆ ಬಹಳ ನೋವಿನ ವಿಷಯ.

2021ರ ನಂತರ ಏನಾಯಿತು? ಮಾನಕ ಬ್ಯೂರೊ ಕಾಯ್ದೆಯ ಪ್ರಕಾರ ಗುಣಮಟ್ಟ ನಿಯಂತ್ರಣ ಆದೇಶ ಮೀರಿ ತಯಾರಿಸಿದರೆ, ಮಾರಿದರೆ, ದಾಸ್ತಾನು ಇಟ್ಟರೆ ಎರಡು ವರ್ಷದವರೆಗೆ ಜೈಲು ಅಥವಾ ಮೊದಲ ತಪ್ಪಿಗೆ ಕನಿಷ್ಠ ಎರಡು ಲಕ್ಷ ರೂಪಾಯಿ ದಂಡ. ಓದಲು ಕಠಿಣವಾಗಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜುಲೈಯಲ್ಲಿ ಕೊಟ್ಟ ಮಾಹಿತಿ ಹೀಗಿದೆ: ದೇಶದ ರಸ್ತೆಗಳಲ್ಲಿ 21 ಕೋಟಿಗೂ ಹೆಚ್ಚು ದ್ವಿಚಕ್ರ ವಾಹನಗಳು, ಐಎಸ್‌ಐ ಪರವಾನಗಿ ಇರುವ ಹೆಲ್ಮೆಟ್ ತಯಾರಕರು 176. 2024–25ರಲ್ಲಿ ಪರೀಕ್ಷಿಸಿದ ಮಾದರಿಗಳು 500ಕ್ಕೂ ಹೆಚ್ಚು, ನಡೆಸಿದ ಶೋಧ ಮತ್ತು ಜಪ್ತಿ 30ಕ್ಕೂ ಹೆಚ್ಚು. ದೆಹಲಿಯ ಒಂದು ಕಾರ್ಯಾಚರಣೆಯಲ್ಲಿ ಪರವಾನಗಿ ಮುಗಿದ ಅಥವಾ ರದ್ದಾದ ಒಂಬತ್ತು ತಯಾರಕರಿಂದ 2,500ಕ್ಕೂ ಹೆಚ್ಚು ಹೆಲ್ಮೆಟ್ ವಶಕ್ಕೆ ಬಂದವು. ಮಾಡಿದ ಕೆಲಸವನ್ನು ಅಲ್ಲಗಳೆಯಲಾರೆ. ಆದರೆ 21 ಕೋಟಿ ವಾಹನ ಇರುವ ದೇಶಕ್ಕೆ ವರ್ಷಕ್ಕೆ ಮೂವತ್ತು ಚಿಲ್ಲರೆ ದಾಳಿ ಎಂದರೆ ಸಮುದ್ರದ ಉಪ್ಪನ್ನು ಚಮಚದಲ್ಲಿ ತೆಗೆದಂತೆ.

ಅಡಚಣೆ ಇರುವುದು ಅಧಿಕಾರ ಹಂಚಿಕೆಯಲ್ಲಿ. ರಸ್ತೆಯಲ್ಲಿ ನಿಲ್ಲುವ ಸಂಚಾರ ಪೊಲೀಸರ ಕೈಯಲ್ಲಿರುವುದು ಮೋಟಾರು ವಾಹನ ಕಾಯ್ದೆ, ಅದು ಸವಾರನನ್ನು ಹಿಡಿಯುತ್ತದೆ. ಅಲ್ಲೇ ನೂರು ಗಜ ಆಚೆ ಹಗ್ಗದ ಮೇಲೆ ಮಾರುವವರನ್ನು ಹಿಡಿಯುವುದು ಮಾನಕ ಬ್ಯೂರೊ ಕಾಯ್ದೆ, ಅದರ ಅಧಿಕಾರಿಗಳು ಬೆಂಗಳೂರಿನ ಪೀಣ್ಯದ ಕಚೇರಿಯಿಂದ ಬರಬೇಕು. 2018ರ ಆರಂಭದಲ್ಲಿ ಬೆಂಗಳೂರು ಮತ್ತು ಮೈಸೂರಿನ ಪೊಲೀಸರು ಐಎಸ್‌ಐ ಇಲ್ಲದ ಹೆಲ್ಮೆಟ್‌ಗಳ ವಿರುದ್ಧ ಅಭಿಯಾನಕ್ಕೆ ಇಳಿದಾಗ ಎದುರಾದ ಕಷ್ಟ ಇನ್ನೊಂದು: ಹೆಲ್ಮೆಟ್ ಅಸಲಿಯೋ ನಕಲಿಯೋ ಎಂದು ಬರೀ ಕಣ್ಣಲ್ಲಿ ನೋಡಿ ಹೇಳುವುದು ಹೇಗೆ? ಐಎಸ್‌ಐ ಸ್ಟಿಕ್ಕರ್ ಹಾಳೆಗಟ್ಟಲೆ ಸಿಗುತ್ತದೆ. ನನ್ನ ಟೋಪಿಯ ಮೇಲೂ ಒಂದು ಇತ್ತು, ಉಗುರಲ್ಲಿ ಕೆರೆದರೆ ಎದ್ದು ಬಂತು.

ಹಾಗೆಂದು ನೋಡಲು ಏನೂ ಇಲ್ಲ ಎಂದಲ್ಲ. ಅಸಲಿ ಗುರುತಿನಲ್ಲಿ ಐಎಸ್‌ಐ ಚಿಹ್ನೆಯ ಮೇಲೆ ಐಎಸ್ 4151 ಎಂದೂ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ತಯಾರಕರದು, ಯಾವ ವಸ್ತುವಿನದು, ಈಗಲೂ ಚಾಲ್ತಿಯಲ್ಲಿದೆಯೇ ಎಂದು ಬರುತ್ತದೆ. ನನ್ನ ಟೋಪಿಯ ಸ್ಟಿಕ್ಕರಿನಲ್ಲಿ ಚಿಹ್ನೆ ಇತ್ತು, ಸಂಖ್ಯೆಯೇ ಇರಲಿಲ್ಲ. ಅಂಗಡಿಯಲ್ಲಿ ನಿಂತು ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ ಇದು. ಇನ್ನೊಂದು ನನ್ನ ಕೊಯ್ತದಿಂದ ಕಲಿತದ್ದು: ಒಳಗಿನ ಬಟ್ಟೆಯ ಅಂಚು ಸರಿಸಿ ಹೆಬ್ಬೆರಳಲ್ಲಿ ಒತ್ತಿ. ಗಟ್ಟಿ ಥರ್ಮಾಕೋಲ್ ತಾಗಬೇಕು. ಮೆತ್ತಗೆ ಒಳಹೋಗಿ ಪ್ಲಾಸ್ಟಿಕ್ ತಾಗಿದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.

ನಮ್ಮ ಮಾತಿನಲ್ಲೂ ಒಂದು ಗೊಂದಲ ಇದೆ. ‘ಹಾಫ್ ಹೆಲ್ಮೆಟ್’ ಎಂದು ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ಒಂದು, ಕಿವಿ ಮತ್ತು ಹಿಂದಲೆ ಮುಚ್ಚಿ ಮುಖ ಮಾತ್ರ ತೆರೆದಿರುವುದು. ಇದು ಐಎಸ್ 4151ರ ಒಳಗೇ ಬರುತ್ತದೆ, ಪರವಾನಗಿ ಇರುವ ತಯಾರಕರೂ ಮಾಡುತ್ತಾರೆ. ಗದ್ದಕ್ಕೆ ರಕ್ಷಣೆ ಇಲ್ಲ ಎಂಬುದು ನಿಜ, ಮುಖ ಪೂರ್ತಿ ಮುಚ್ಚುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ನೆತ್ತಿಯ ಮೇಲೆ ಕೂರುವ ಬಟ್ಟಲು. ಮಾನದಂಡ ರಕ್ಷಿಸಬೇಕು ಎನ್ನುವ ಭಾಗವನ್ನೇ ಅದು ಮುಚ್ಚುವುದಿಲ್ಲ. ಮೂರನೆಯದೂ ಇದೆ. ಕಟ್ಟಡ ಕೆಲಸಕ್ಕೆ ಹೋಗುವ ಎಷ್ಟೋ ಜನ ಅಲ್ಲಿ ಕೊಟ್ಟ ಹಳದಿ ಹೆಲ್ಮೆಟ್ಟನ್ನೇ ಹಾಕಿಕೊಂಡು ಬೈಕ್ ಓಡಿಸುತ್ತಾರೆ. ಅದಕ್ಕೂ ಐಎಸ್‌ಐ ಗುರುತು ಇರುತ್ತದೆ, ಆದರೆ ಅದು ಐಎಸ್ 2925, ಮೇಲಿಂದ ನೆತ್ತಿಗೆ ಬೀಳುವ ಇಟ್ಟಿಗೆ ತುಂಡಿಗೆ ಮಾಡಿದ್ದು. ಬೈಕಿಂದ ಬಿದ್ದಾಗ ಪೆಟ್ಟು ಬರುವುದು ಬದಿಗೆ, ಹಿಂದಕ್ಕೆ, ಗದ್ದಕ್ಕೆ. ಆ ಕಾರ್ಮಿಕನಿಗೆ ಯಾರೂ ಇದನ್ನು ಹೇಳಿರುವುದಿಲ್ಲ. ಐಎಸ್‌ಐ ಇದೆಯಲ್ಲ ಎಂದು ಅವನು ನೆಮ್ಮದಿಯಾಗಿ ಹೋಗುತ್ತಿರುತ್ತಾನೆ.

ವಿದೇಶಿ ಹೆಲ್ಮೆಟ್ ಪ್ರಿಯರ ವಾದವನ್ನೂ ಕೇಳಬೇಕು. ಇಸಿಇ ಅಥವಾ ಡಾಟ್ ಗುರುತಿನ ದುಬಾರಿ ಹೆಲ್ಮೆಟ್ ಇದ್ದರೂ ಐಎಸ್‌ಐ ಇಲ್ಲದಿದ್ದರೆ ಇಲ್ಲಿ ಮಾರುವಂತಿಲ್ಲ, ಇದು ಯಾವ ನ್ಯಾಯ ಎನ್ನುತ್ತಾರೆ. ಡಾಟ್ ವಿಷಯದಲ್ಲಿ ನನಗೆ ಅಷ್ಟು ಅನುಕಂಪ ಇಲ್ಲ. ಅಲ್ಲಿ ತಯಾರಕರೇ ತಮ್ಮ ಮಾಲು ಸರಿ ಇದೆ ಎಂದು ಘೋಷಿಸಿಕೊಂಡು ಗುರುತು ಹಾಕುತ್ತಾರೆ, ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಎತ್ತಿ ಪರೀಕ್ಷಿಸುತ್ತದೆ. ನಕಲಿ ಸ್ಟಿಕ್ಕರ್ ಹಾಳೆಗಟ್ಟಲೆ ಸಿಗುವ ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಇಸಿಇ ಕಥೆ ಬೇರೆ. ಅದರ ಹೊಸ 22.06 ಪರಿಷ್ಕರಣೆ ಓರೆಯಾಗಿ ತಾಗುವ ಪೆಟ್ಟನ್ನೂ ಅಳೆಯುತ್ತದೆ. ರಸ್ತೆಗೆ ಬಿದ್ದ ತಲೆ ನೇರ ನಿಲ್ಲುವುದು ಕಡಿಮೆ, ಉಜ್ಜಿ ಗಿರ್ರನೆ ತಿರುಗುತ್ತದೆ. ಗಟ್ಟಿ ಮೊಸರಿನ ಪಾತ್ರೆಯನ್ನು ಫಕ್ಕನೆ ತಿರುಗಿಸಿದರೆ ಪಾತ್ರೆಗೆ ಏನೂ ಆಗದೆ ಒಳಗಿನ ಮೊಸರು ಒಡೆಯುತ್ತದಲ್ಲ, ಮಿದುಳಿಗೂ ಆಗುವುದು ಅದೇ. ನಮ್ಮ 2015ರ ಮಾನದಂಡದ ಒತ್ತು ನೇರ ಹೊಡೆತದ ಮೇಲಿದೆ. ಮುಂದಿನ ಪರಿಷ್ಕರಣೆ ಈ ಕಡೆ ಬರಲೇಬೇಕು.

ತೂಕದ ವಿಷಯದಲ್ಲಿ ಮಾತ್ರ ನಮ್ಮವರು ನಮ್ಮ ಹವೆಯನ್ನು ನೋಡಿ ಯೋಚಿಸಿದ್ದರು. 2018ರ ತಿದ್ದುಪಡಿ ಹೆಲ್ಮೆಟ್ ತೂಕದ ಮಿತಿಯನ್ನು 1.5 ಕಿಲೋದಿಂದ 1.2ಕ್ಕೆ ತಂದಾಗ ಆಮದುದಾರರು ಗಲಾಟೆ ಮಾಡಿದರು. ಆದರೆ ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಿಸಿಲಲ್ಲಿ ಹೆಲ್ಮೆಟ್ ಹಾಕಿ ಸಿಗ್ನಲ್‌ನಲ್ಲಿ ನಿಂತವರಿಗೆ ಆ ಮುನ್ನೂರು ಗ್ರಾಂ ಎಂದರೇನು ಎಂದು ಗೊತ್ತು. ಬಿಸಿ ಮತ್ತು ಭಾರ ತಡೆಯದೆಯೇ ಜನ ಟೋಪಿಗೆ ಹೋಗುವುದು. ಬೆಲೆಯೂ ಅಷ್ಟೇ. ಒಳ್ಳೆಯ ಹೆಲ್ಮೆಟ್‌ಗೆ ಸಾವಿರ ರೂಪಾಯಿ, ದಂಡ ಐನೂರು, ಟೋಪಿ ಇನ್ನೂರು. ದಿನಗೂಲಿಯವನು ಈ ಮೂರು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದನ್ನು ಆರಿಸುತ್ತಾನೆ ಎಂದು ಹೇಳಬೇಕಿಲ್ಲ. ಅವನನ್ನು ಬೈದು ಪ್ರಯೋಜನ ಇಲ್ಲ. ಇನ್ನೂರು ರೂಪಾಯಿಯದು ಹಗ್ಗದ ಮೇಲೆ ಸಿಗದಂತೆ ಮಾಡುವುದು ಸರ್ಕಾರದ ಕೆಲಸ. ಪ್ರತಿ ಜಿಲ್ಲೆಯಲ್ಲೂ ಪೊಲೀಸ್, ಸಾರಿಗೆ ಮತ್ತು ಮಾನಕ ಬ್ಯೂರೊ ಮೂವರೂ ತಿಂಗಳಿಗೊಂದು ದಿನ ಒಟ್ಟಿಗೆ ಹೊರಟರೆ ಸಾಕು, ಹೊಸ ಕಾಯ್ದೆ ಬೇಕಿಲ್ಲ. ಹಗ್ಗದವರ ಹತ್ತಿರ ಜಪ್ತಿ ಮಾಡಿ ಅಲ್ಲಿಗೇ ನಿಲ್ಲಿಸದೆ, ಅವರಿಗೆ ಮಾಲು ಹಾಕುವವರು ಯಾರು ಎಂದು ಹಿಂದಕ್ಕೆ ಹೋಗಬೇಕು.

ಮಕ್ಕಳ ಕಡೆಗೆ ಬಂದರೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಬೈಕ್ ಮೇಲೆ ಕರೆದೊಯ್ಯುವಾಗ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷಾ ಬೆಲ್ಟ್ ಇರಬೇಕು, ವೇಗ 40 ಮೀರಬಾರದು ಎಂದು 2022ರ ಫೆಬ್ರುವರಿಯಲ್ಲಿ ನಿಯಮ ಬಂತು, ಒಂದು ವರ್ಷದ ನಂತರ ಜಾರಿಯಾಯಿತು. ಶಾಲೆ ಬಿಡುವ ಹೊತ್ತಿಗೆ ಯಾವ ಊರಿನ ಗೇಟಿನ ಮುಂದೆ ನಿಂತರೂ ಎಷ್ಟು ಪುಟ್ಟ ತಲೆಗಳ ಮೇಲೆ ಅದು ಕಾಣುತ್ತದೆ ಎಂದು ಎಣಿಸಿ ನೋಡಬಹುದು. ನಾನು ಒಂದು ಸಂಜೆ ಎಣಿಸಿದೆ. ಅರವತ್ತೆರಡು ಮಕ್ಕಳು, ಹೆಲ್ಮೆಟ್ ಮೂರು. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ಮಗುವಿನ ಹಿಂದೆ ಅಪ್ಪ ಹೆಲ್ಮೆಟ್ ಹಾಕಿಕೊಂಡಿರುತ್ತಾನೆ. ಅಪ್ಪನಿಗೆ ದಂಡದ ಭಯ ಇದೆ, ಮಗುವಿಗಾಗಿ ಯಾರೂ ನಿಲ್ಲಿಸುವುದಿಲ್ಲ ಎಂಬ ಧೈರ್ಯವೂ ಇದೆ.

ಹೊಸ ವಾಹನ ಮಾರುವಾಗ ಒಂದು ಹೆಲ್ಮೆಟ್ ಕೊಡಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಲ್ಲಿ ಆಗಲೇ ಇದೆ. 2025ರ ಜೂನ್‌ನಲ್ಲಿ ಅದನ್ನು ಎರಡು ಮಾಡುವ ಕರಡು ಬಂತು. ಹಿಂದೆ ಕೂರುವವರಿಗೂ ಮೊದಲ ದಿನದಿಂದಲೇ ಅಸಲಿ ಹೆಲ್ಮೆಟ್ ಸಿಕ್ಕರೆ ಹಗ್ಗದ ವ್ಯಾಪಾರದ ಅರ್ಧ ಗಿರಾಕಿಗಳು ಕಡಿಮೆಯಾಗುತ್ತಾರೆ, ಆದ್ದರಿಂದ ನಾನು ಇದರ ಪರ. ಒಂದೇ ಮಾತು ಸೇರಿಸಬೇಕು, ಅಳತೆ. ಹೆಲ್ಮೆಟ್ ಒಳಗೆ 560, 580, 600 ಎಂದು ಮಿಲಿಮೀಟರಿನಲ್ಲಿ ಬರೆದಿರುತ್ತದೆ, ಹುಬ್ಬಿನ ಮೇಲಿಂದ ಹಿಂದಲೆ ಬಳಸಿ ಬರುವ ಸುತ್ತಳತೆ ಅದು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೇ ತಿರುಗಬೇಕು, ಒಳಗೆ ತಲೆ ತಿರುಗಿ ಹೆಲ್ಮೆಟ್ ಹಿಂದೆ ಉಳಿಯಬಾರದು. ಸಡಿಲ ಇದ್ದರೆ ಬೀಳುವಾಗ ಕಳಚಿಯೇ ಹೋಗುತ್ತದೆ, ಥರ್ಮಾಕೋಲ್ ಎಷ್ಟು ದಪ್ಪ ಇದ್ದರೂ ಅಷ್ಟೇ.

ನನ್ನ ಮಗಳು ಕಾಲೇಜಿಗೆ ಹೋಗಲು ಈ ವರ್ಷ ಸ್ಕೂಟರ್ ಕೊಂಡಾಗ ಶೋರೂಮಿನವರು ಹೆಲ್ಮೆಟ್ ಕೊಟ್ಟರು. ಮನೆಗೆ ಬಂದ ಮೇಲೆ ಸಂಖ್ಯೆ ನೋಡಿದೆ, ಆ್ಯಪ್‌ನಲ್ಲಿ ಹಾಕಿದೆ, ಅಸಲಿ. ಬಟ್ಟೆ ಅಂಚು ಸರಿಸಿ ಒತ್ತಿದೆ, ಗಟ್ಟಿ. ಅಮ್ಮನ ಹೊಲಿಗೆ ಟೇಪು ತಂದು ಮಗಳ ಹಣೆಗೆ ಸುತ್ತಿದೆ. 545 ಮಿಲಿಮೀಟರು. ಹೆಲ್ಮೆಟ್ಟಿನೊಳಗೆ ಬರೆದಿದ್ದದ್ದು 600. ಬೇರೆ ಅಳತೆ ಇದೆಯಾ ಎಂದು ಫೋನ್ ಮಾಡಿದೆ. ‘ಗಾಡಿ ಜೊತೆ ಒಂದೇ ಸೈಜ್ ಸಾರ್ ಬರೋದು, ಎಲ್ರಿಗೂ’ ಎಂದರು. ಮರುದಿನ ಅಂಗಡಿಗೆ ಹೋಗಿ ಅವಳ ತಲೆಗೆ ಕೂರುವ ಇನ್ನೊಂದನ್ನು ಕೊಂಡುತಂದೆವು.